ಮಂದಾಕಿನಿಯ ಹೆಸರನ್ನು ತೆಗೆದದ್ದು

ನಮ್ಮೂರಿನ ಕಲ್ಲುಸೇತುವೆ ದಾಟಿ ಯಾರೇ ಹೊರಗೆ ಹೋದರೂ ಊರೊಳಗೆ ಉಳಿದವರು ಅವರನ್ನು ಮರೆತುಬಿಡುತ್ತಾರೆ. ಹೋದವರು ತಿರುಗಿ ಸೇತುವೆ ದಾಟಿ ಒಳಗೆ ಬಂದ ಕ್ಷಣ ಎಲ್ಲ ನೆನಪಾಗುತ್ತದೆ. ಹೊರಗಿರುವವರಿಗೆ ಮಾತ್ರ ಯಾವ ಮರೆವೂ ಇಲ್ಲ. ನಾನು ಇದನ್ನು ಬರೆಯಲು ಆಗುತ್ತಿರುವುದೂ ಅದರಿಂದಲೇ. ಕಂಪ್ಯೂಟರಿನ ಸಾಮಾನು ಕೊಳ್ಳಲು ತಿಂಗಳಿಗೊಮ್ಮೆ ಜಿಲ್ಲಾ ಪಟ್ಟಣಕ್ಕೆ ಬರುತ್ತೇನೆ. ಇವತ್ತೂ ಬಂದಿದ್ದೇನೆ, ಬಸ್ಸಿಗೆ ಇನ್ನೂ ಹೊತ್ತಿದೆ, ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೇನೆ.

ಊರಿನವರು ಇದಕ್ಕೆ ಹೊಂದಿಕೊಂಡು ಎಷ್ಟು ತಲೆಮಾರಾಯಿತೋ ತಿಳಿಯದು. ಹೊರಗೆ ಹೋಗುವವರು ಚೀಟಿ ಬರೆದಿಟ್ಟು ಹೋಗುತ್ತಾರೆ. ನನ್ನ ಹೆಂಡತಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡಿರುವ ಚೀಟಿಯಲ್ಲಿ, ‘ನಿನಗೆ ಗಂಡ ಇದ್ದಾನೆ, ಹೆಸರು ತಿಪ್ಪೇಶ, ಸಂಜೆ ಬರುತ್ತಾನೆ, ಅನ್ನಕ್ಕೆ ಇಬ್ಬರಿಗಾಗುವಷ್ಟು ಇಡು’ ಎಂದಿದೆ. ಆಕೆ ಅದನ್ನು ಓದಿ, ಯಾರೋ ಏನೋ ಅಂದುಕೊಂಡೇ ಇಬ್ಬರಿಗೆ ಅಕ್ಕಿ ತೊಳೆಯುತ್ತಾಳೆ. ಮಗಳನ್ನು ಹೊರಗೆ ಮದುವೆ ಮಾಡಿಕೊಟ್ಟವರ ಬೀರುವಿನಲ್ಲಿ ಒಂದು ಕವರು ಇರುತ್ತದೆ. ಶುಕ್ರವಾರ ಅದನ್ನು ತೆಗೆದು, ನಮಗೊಬ್ಬಳು ಮಗಳಿದ್ದಾಳೆ ಎಂದು ಓದಿಕೊಂಡು, ಫೋಟೋ ನೋಡಿ ಒಳಗಿಡುತ್ತಾರೆ. ಹೊರಗಿನಿಂದ ಯಾರಾದರೂ ಫೋನ್ ಮಾಡಿದರೆ ಮೊದಲು ‘ಚೀಟಿ ನೋಡಿ’ ಎನ್ನುತ್ತಾರೆ. ನಾವು ಚೀಟಿ ಹುಡುಕಿ, ಓದಿ, ಆಮೇಲೆ ಮಾತಾಡುತ್ತೇವೆ. ಹೊರಗೆ ಸತ್ತವರನ್ನು ಮಾತ್ರ ಊರು ಮತ್ತೆಂದೂ ನೆನಪು ಮಾಡಿಕೊಳ್ಳುವುದಿಲ್ಲ.

ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಸಣ್ಣ ಆಫೀಸುಗಳಲ್ಲಿ ನಾಲ್ಕಾರು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿಕೊಡುವುದೂ ನನ್ನ ಕೆಲಸವೇ. ಒಂದರಲ್ಲಿರುವ ಫೋಲ್ಡರ್ ಇನ್ನೊಂದಕ್ಕೆ ಕಾಣುವುದಿಲ್ಲ, ಕಂಡರೂ ತೆರೆಯುವುದಿಲ್ಲ, ತೆರೆದರೂ ಬರೆಯಲು ಬಿಡುವುದಿಲ್ಲ. ಇದೇ ಮೂರು ದೂರು ಕೇಳುತ್ತಾ ನನ್ನ ತಲೆ ನರೆತಿದೆ. ಯಾರಿಗೆ ಏನು ಕಾಣಬೇಕು, ಯಾರು ಏನು ಮುಟ್ಟಬಹುದು ಎಂದು ಹೆಸರು ಹೆಸರಾಗಿ ಹೇಳಿಕೊಟ್ಟರೆ ಯಂತ್ರ ತಕರಾರು ಮಾಡುವುದಿಲ್ಲ. ನಮ್ಮೂರಲ್ಲಿ ಈ ಕೆಲಸಕ್ಕೆ ಒಂದು ಪುಸ್ತಕ ಇಟ್ಟುಕೊಳ್ಳಲೇಬೇಕು. ಯಾವ ಆಫೀಸಿನಲ್ಲಿ ಯಾರ ಹೆಸರಿಗೆ ಏನು ಮಾಡಿಕೊಟ್ಟೆ ಎಂದು ಅವತ್ತವತ್ತೇ ಬರೆಯುತ್ತೇನೆ.

ರುದ್ರಮುನಿಯವರದು ಮನೆಗಳ ಪ್ಲಾನ್ ಬರೆದುಕೊಡುವ ಆಫೀಸು. ಅಂಚೆ ಕಚೇರಿಯ ಮೇಲಿನ ಮಹಡಿಯಲ್ಲಿ ಐದು ಕಂಪ್ಯೂಟರು. ಊರಿನ ಅರ್ಧ ಆಫೀಸುಗಳಿಗೆ ನನ್ನನ್ನು ಪರಿಚಯ ಮಾಡಿಸಿದವರು ಅವರೇ. ಅಲ್ಲಿ ಮಂದಾಕಿನಿ ಹನ್ನೊಂದು ವರ್ಷದಿಂದ ಪ್ಲಾನ್ ಬರೆಯುತ್ತಿದ್ದಳು. ನಲವತ್ತರ ಹತ್ತಿರದ ಹೆಂಗಸು. ಮೆಟ್ಟಿಲು ಬರೆಯುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಇಷ್ಟೇ ಜಾಗದಲ್ಲಿ ಮಂಡಿನೋವಿನ ಅಜ್ಜಿಯೂ ಹತ್ತುವಂಥ ಮೆಟ್ಟಿಲು ಬೇಕೆಂದರೆ ಆಕೆಯೇ ಬರೆಯಬೇಕು. ಎಲ್ಲ ಪ್ಲಾನುಗಳ ಫೋಲ್ಡರ್ ಇದ್ದದ್ದು ಕಿಟಕಿ ಪಕ್ಕದ ಆಕೆಯ ಕಂಪ್ಯೂಟರಿನಲ್ಲೇ. ಉಳಿದವರು ತಮ್ಮ ತಮ್ಮ ಜಾಗದಿಂದ ಅದನ್ನು ತೆರೆಯುತ್ತಿದ್ದರು.

ಒಂದು ಬೆಳಿಗ್ಗೆ ಹನ್ನೊಂದಕ್ಕೆ ಆಕೆ ನನ್ನ ಅಂಗಡಿಗೇ ಬಂದಳು. ಚಪ್ಪಲಿ ಒಂದೊಂದು ಕಾಲಿಗೆ ಒಂದೊಂದು ಬಗೆಯದಿತ್ತು. ಗಂಡ ಜಯದೇವ ಮನೆಗಳಿಗೆ ವೈರಿಂಗ್ ಮಾಡುವವನು, ಹಿಂದಿನ ದಿನ ತಾರಸಿಯಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿತ್ತು. ಇಲ್ಲಿ ಆಗುವುದಿಲ್ಲ, ಜಿಲ್ಲಾ ಪಟ್ಟಣದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರು. ಮೂರು ಗಂಟೆಗೆ ಆಂಬುಲೆನ್ಸ್ ಬರುವುದಿತ್ತು.

“ತಿಪ್ಪೇಶಣ್ಣ, ಮೂರ್ನಾಲ್ಕು ತಿಂಗಳು ಆಗ್ಬೋದಂತೆ. ನಾನು ಅಲ್ಲೇ ಇರ್ಬೇಕು,” ಅಂದಳು. “ಮಧ್ಯೆ ಮಧ್ಯೆ ಬಂದುಹೋಗ್ತೀನಿ ಅನ್ನೋ ಹಾಗಿಲ್ಲ. ಸೇತುವೆ ದಾಟಿ ಒಳಗೆ ಬಂದ್ರೆ ಅವರು ಅಲ್ಲಿ ಮಲಗಿದಾರೆ ಅನ್ನೋದೇ ನನಗೆ ಮರ್ತೋಗುತ್ತೆ. ಕೆಲಸಾನೂ ಬಿಡೋಕಾಗಲ್ಲ. ಅಲ್ಲಿಂದಲೇ ನನ್ನ ಕಂಪ್ಯೂಟರ್ ಸಿಗೋ ಹಾಗೆ ಮಾಡ್ಕೊಡಿ.”

ಮಾಡಿಕೊಟ್ಟೆ. ಕಂಪ್ಯೂಟರು ಸುಮ್ಮನಿದ್ದರೆ ನಿದ್ದೆಗೆ ಜಾರದಂತೆ ಮಾಡಿದೆ. ‘ಮಂದಾ’ ಎಂಬ ಹೆಸರಿಗೆ ಗಟ್ಟಿ ಪಾಸ್‌ವರ್ಡ್ ಹಾಕಿದೆ. ಹೊರಗಿನಿಂದ ಆ ಹೆಸರಿಗೆ ಮಾತ್ರ ರೂಟರಿನಲ್ಲಿ ದಾರಿ ತೆಗೆದೆ. ಆಕೆಯ ಹಳೇ ಲ್ಯಾಪ್‌ಟಾಪನ್ನು ಫೋನಿನ ನೆಟ್ಟಿಗೆ ಜೋಡಿಸಿ, ಕೆಳಗೆ ಅಂಚೆ ಕಚೇರಿಯ ಮುಂದೆ ನಿಂತು ತೆರೆದು ನೋಡಿದೆವು. ಮೇಲಿನ ಕಂಪ್ಯೂಟರಿನ ಪರದೆ ಹಾಗೇ ಲ್ಯಾಪ್‌ಟಾಪಿನಲ್ಲಿ ಬಂತು. ಆಕೆ ಅಲ್ಲೇ ಒಂದು ಗೆರೆ ಎಳೆದಳು. ಮೇಲೆ ಕಿಟಕಿಯಿಂದ ಜುಬೇದಾಬಿ, ಅಲ್ಲಿ ಟೈಪಿಂಗು ಮತ್ತು ಫೋನಿನ ಕೆಲಸ ನೋಡಿಕೊಳ್ಳುವವರು, “ಬಂತು, ಗೆರೆ ಬಂತು,” ಎಂದು ಕೂಗಿ ಹೇಳಿದರು.

ನಾನು ಪುಸ್ತಕ ತೆಗೆದು ಬರೆಯುವಾಗ ಆಕೆ ಪಕ್ಕದಲ್ಲೇ ನಿಂತಿದ್ದಳು. ‘ಮಂದಾಕಿನಿ, ರುದ್ರಮುನಿ ಆಫೀಸು. ಗಂಡನಿಗೆ ಆಸ್ಪತ್ರೆ, ಹೊರಗಿನಿಂದ ಕೆಲಸ ಮಾಡುತ್ತಾಳೆ’ ಎಂದು ಬರೆದೆ.

“ಈ ಹೆಸರು ತೆಗೀಬೇಡ ಅಂತಾನೂ ಬರೀರಿ,” ಅಂದಳು.

‘ಯಾರು ಹೇಳಿದರೂ ಈ ಹೆಸರು ತೆಗೆಯಬೇಡ’ ಎಂದು ಬರೆದು ಅಡಿಗೆರೆ ಎಳೆದೆ. ಆಕೆ ಕೆಳಗೆ ಸಹಿ ಹಾಕಿದಳು. ರುದ್ರಮುನಿಯವರೂ ತಾವಾಗಿಯೇ ಒಂದು ಚೀಟಿ ಬರೆದು ಸಹಿ ಮಾಡಿ ಆಕೆಯ ಕಂಪ್ಯೂಟರಿಗೆ ಅಂಟಿಸಿದರು. “ನೀವು ನಿಶ್ಚಿಂತೆಯಿಂದ ಹೋಗಿ. ನಿಮ್ಮ ಜಾಗ ಎಲ್ಲಿಗೂ ಹೋಗಲ್ಲ,” ಅಂದರು. ಮೂರೂವರೆಗೆ ಆಂಬುಲೆನ್ಸ್ ಸೇತುವೆ ದಾಟಿತು. ಆ ಹೊತ್ತಿಗೆ ನಾನು ಅಂಗಡಿಯಲ್ಲಿ ಯಾವುದೋ ಪ್ರಿಂಟರ್ ಬಿಚ್ಚುತ್ತಿದ್ದೆ. ಏನೂ ಆದಂತೆ ಅನಿಸಲಿಲ್ಲ. ನಮಗೆ ಹಾಗೆ ಎಂದೂ ಅನಿಸುವುದಿಲ್ಲ.

ಮೊದಲ ಒಂದೂವರೆ ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಎರಡು ಸಲ ನನಗೆ ಫೋನ್ ಬಂತು. ಹೆಂಗಸೊಬ್ಬಳ ಗುರುತಿಲ್ಲದ ದನಿ. “ಚೀಟಿ ನೋಡಿ ತಿಪ್ಪೇಶಣ್ಣ, ನಾನು ಮಂದಾಕಿನಿ. ಬೆಳಿಗ್ಗೆಯಿಂದ ಕಂಪ್ಯೂಟರ್ ಸಿಗ್ತಿಲ್ಲ.” ನಾನು ಪುಸ್ತಕ ತೆಗೆದು ಓದಿ, “ಹೂಂ, ಇದೀರಿ, ಹೇಳಿ,” ಎನ್ನುತ್ತಿದ್ದೆ. ಒಮ್ಮೆ ಕರೆಂಟ್ ಹೋಗಿ ಬಂದಾಗ ರೂಟರು ಆ ಕಂಪ್ಯೂಟರಿಗೆ ಬೇರೆ ನಂಬರ್ ಕೊಟ್ಟುಬಿಟ್ಟಿತ್ತು. ಇನ್ನೊಮ್ಮೆ ಕಸ ಗುಡಿಸುವವರು ಪ್ಲಗ್ ಕಿತ್ತಿದ್ದರು. ಹೋಗಿ ಸರಿಮಾಡಿದೆ. ನಂಬರ್ ಬದಲಾಗದಂತೆ ಗಟ್ಟಿ ಮಾಡಿಯೂ ಬಂದೆ. ಯಾರಿಗಾಗಿ ಮಾಡಿದೆನೋ ಅವರ ಮುಖ ಗೊತ್ತಿರಲಿಲ್ಲ. ಆದರೂ ಮಾಡಿದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಮುಖ ಗೊತ್ತಿಲ್ಲದಿದ್ದರೂ ಮಾಡಬಹುದಿತ್ತು.

ಆಮೇಲೆ ರುದ್ರಮುನಿಯವರ ಹೆಂಡತಿಯ ತಮ್ಮ ಲೋಹಿತ ಕೆಲಸಕ್ಕೆ ಸೇರಿದ. ಮೂವತ್ತು ದಾಟಿದವನು, ಎಲ್ಲೂ ನೆಲೆ ನಿಂತಿರಲಿಲ್ಲ. ಅವನಿಗೆ ಕಿಟಕಿ ಪಕ್ಕದ ಆ ಕಂಪ್ಯೂಟರ್ ಬೇಕಾಗಿತ್ತು. ಉಳಿದವುಗಳಿಗಿಂತ ಅದು ಚುರುಕು. ಸದ್ಯಕ್ಕೆ ಪಕ್ಕದ್ದರಲ್ಲಿ ಕೂತ. ಅಲ್ಲಿ ಯಾವ ಪ್ಲಾನ್ ತೆರೆದರೂ ‘ಈ ಫೈಲನ್ನು ಮಂದಾ ಬಳಸುತ್ತಿದ್ದಾರೆ, ನೀವು ಓದಬಹುದು ಮಾತ್ರ’ ಎಂದು ಪರದೆಯ ಮೇಲೆ ಬರುತ್ತಿತ್ತು. ಎರಡು ದಿನ ಸಹಿಸಿಕೊಂಡ. ಮೂರನೇ ದಿನ ಆ ಕಂಪ್ಯೂಟರಿಗೆ ಅಂಟಿಸಿದ್ದ ಚೀಟಿ ಕಿತ್ತು ಭಾವನ ಮೇಜಿನ ಮೇಲಿಟ್ಟ. ರುದ್ರಮುನಿ ನನಗೆ ಫೋನ್ ಮಾಡಿದರು.

“ತಿಪ್ಪೇಶ್, ಯಾರೋ ನಮ್ಮ ಕಂಪ್ಯೂಟರ್ ಒಳಗೆ ನುಗ್ಗಿದಾರೆ. ಬೇಗ ಬನ್ನಿ.”

ಹೋದಾಗ ಮಧ್ಯಾಹ್ನ ಹನ್ನೆರಡು. ಕಿಟಕಿ ಪಕ್ಕದ ಖುರ್ಚಿ ಖಾಲಿ ಇತ್ತು. ಆದರೆ ಪರದೆಯ ಮೇಲೆ ಮೌಸಿನ ಬಾಣ ಓಡಾಡುತ್ತಿತ್ತು. ಯಾರದೋ ಮನೆಯ ಮೆಟ್ಟಿಲು ಒಂದೊಂದೇ ಮೂಡುತ್ತಿತ್ತು. ಎಲ್ಲೂ ಅವಸರವಿಲ್ಲ, ಅಳಿಸುವುದಿಲ್ಲ. ಎಂಟು ಮೆಟ್ಟಿಲಾದ ಮೇಲೆ ತಿರುವು ಬಂತು, ತಿರುವಿನಲ್ಲಿ ಸಣ್ಣದೊಂದು ಕಿಟಕಿ. ನಾಲ್ವರೂ ನಿಂತು ನೋಡಿದೆವು.

“ಕೈ ಪಳಗಿದೆ,” ಅಂದರು ಜುಬೇದಾಬಿ.

ನಾನು ಚೀಲದಿಂದ ಪುಸ್ತಕ ತೆಗೆದು ಹುಡುಕಿದೆ. ಪುಟ ಸಿಕ್ಕಿತು. ನನ್ನದೇ ಅಕ್ಷರ, ನನ್ನದೇ ಅಡಿಗೆರೆ. ರುದ್ರಮುನಿಯವರಿಗೆ ತೋರಿಸಿದೆ. ಅವರು ಓದಿದರು. ಮೇಜಿನ ಮೇಲಿನ ಚೀಟಿಯನ್ನೂ ಎತ್ತಿ ಓದಿದರು.

“ಇದು ನನ್ನ ಸಹಿನೇ. ನಿಮಗೆ ಈ ಹೆಂಗಸು ನೆನಪಿದೆಯಾ?”

“ಇಲ್ಲ ಸಾರ್.”

“ನನಗೂ ಇಲ್ಲ. ಯಾರೂ ಕಾಣದವರಿಗೆ ಎಷ್ಟು ದಿನ ಅಂತ ಬಾಗಿಲು ತೆಗೆದಿಡೋದು? ಕಣ್ಣೆದುರಿಗೆ ಇರೋನಿಗೆ ಕೆಲಸ ಮಾಡೋಕಾಗ್ತಿಲ್ಲ. ತೆಗೀರಿ ಆ ಹೆಸರು.”

“ಸಾರ್,” ಅಂದರು ಜುಬೇದಾಬಿ, “ಆ ಖುರ್ಚಿ ಮೇಲೆ ಒಂದು ಸ್ವೆಟರ್ ಇದೆ. ನನ್ನದಲ್ಲ. ಯಾರೋ ಕೂರ್ತಿದ್ರು ಅಲ್ಲಿ.”

“ಇರ್ಲಿ ಬಿಡಿ, ಒಳಗೆ ತೆಗೆದಿಡಿ.”

ನಾನು ಖುರ್ಚಿ ಎಳೆದುಕೊಂಡು ಕೂತು ಮೌಸ್ ಹಿಡಿದೆ. ಬಾಣ ಒಂದು ಕ್ಷಣ ನನ್ನ ಕೈಗೂ ಅಲ್ಲಿಯ ಕೈಗೂ ನಡುವೆ ಎಳೆದಾಡಿತು. ಆಮೇಲೆ ಆ ಕಡೆಯವರು ಬಿಟ್ಟರು. ಯಾರೋ ಬಂದು ಕೂತಿದ್ದಾರೆಂದು ಆಕೆಗೆ ತಿಳಿಯಿತು. ಪ್ಲಾನಿನಲ್ಲಿ ಕೋಣೆಯ ಹೆಸರು ಬರೆಯುವ ಜಾಗದಲ್ಲಿ ಅಕ್ಷರಗಳು ಬಂದವು. ‘ನಾನು ಮಂದಾಕಿನಿ. ದಯವಿಟ್ಟು ಚೀಟಿ ನೋಡಿ.’

ನಾನು ರುದ್ರಮುನಿಯವರ ಮುಖ ನೋಡಿದೆ. ಅವರು ಚೀಟಿಯನ್ನು ಮಡಿಸಿ ಮೇಜಿನ ಖಾನೆಯೊಳಗೆ ಹಾಕುತ್ತಿದ್ದರು. ಆಗಲ್ಲ ಸಾರ್, ನಾನು ಬರೆದುಕೊಂಡಿದ್ದೀನಿ ಎಂದು ಹೇಳಿದ್ದರೆ ಅವರು ನನ್ನನ್ನು ಹೊಡೆಯುತ್ತಿರಲಿಲ್ಲ. ಬೇರೆ ದಾರಿಯೂ ಇತ್ತು. ಫೋಲ್ಡರನ್ನು ಇನ್ನೊಂದು ಕಂಪ್ಯೂಟರಿಗೆ ಸಾಗಿಸಿ ಇಬ್ಬರಿಗೂ ಬೇರೆ ಬೇರೆ ಜಾಗ ಮಾಡಿಕೊಡಲು ಅರ್ಧ ದಿನ ಸಾಕಿತ್ತು. ಅದನ್ನು ವಿವರಿಸಬೇಕಾಗುತ್ತಿತ್ತು, ವಾದ ಮಾಡಬೇಕಾಗುತ್ತಿತ್ತು. ಗುರುತೇ ಇಲ್ಲದವಳೊಬ್ಬಳಿಗಾಗಿ ಗುರುತಿರುವ ದೊಡ್ಡವರ ಮುಂದೆ ಮುಖ ಕೆಡಿಸಿಕೊಳ್ಳುವುದು ಯಾಕೆ ಅನಿಸಿತು. ಆ ಹೆಸರನ್ನು ತೆಗೆಯಬೇಕೇ ಎಂದು ಕಂಪ್ಯೂಟರ್ ಎರಡು ಸಲ ಕೇಳಿತು. ಎರಡು ಸಲವೂ ಹೌದು ಎಂದೆ. ಮೆಟ್ಟಿಲಿನ ಪ್ಲಾನ್ ಅರ್ಧಕ್ಕೆ ನಿಂತಿತು.

ಕೆಳಗಿಳಿಯುವಾಗ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಹೊರಗಿನ ನಂಬರು. ತೆಗೆಯಲಿಲ್ಲ. ಅವತ್ತು ಒಂಬತ್ತು ಸಲ ಬಂತು, ಮಾರನೇ ದಿನ ನಾಲ್ಕು ಸಲ.

ಮೂರನೇ ದಿನ ಬೆಳಿಗ್ಗೆ ಹತ್ತೂಕಾಲಿಗೆ ಅಂಗಡಿಯಲ್ಲಿ ವೈರಿನ ತುದಿ ಕತ್ತರಿಸುತ್ತಿದ್ದೆ. ಇದ್ದಕ್ಕಿದ್ದಂತೆ ಮಂದಾಕಿನಿ ನೆನಪಾದಳು. ಒಂದೊಂದು ಬಗೆಯ ಚಪ್ಪಲಿ, ಸಹಿ ಹಾಕಿದ ಕೈ, ಕಿಟಕಿಯಿಂದ ‘ಗೆರೆ ಬಂತು’ ಎಂದ ಜುಬೇದಾಬಿ, ಎಲ್ಲ ಒಟ್ಟಿಗೆ ಬಂತು. ಆಕೆಯ ಬಸ್ಸು ಸೇತುವೆ ದಾಟಿದೆ ಎಂದು ತಿಳಿಯಿತು. ಅಂಗಡಿಯ ಬಾಗಿಲನ್ನೂ ಹಾಕದೆ ಆಫೀಸಿಗೆ ಓಡಿದೆ.

ಆಕೆ ಬಾಗಿಲಲ್ಲೇ ನಿಂತು ತನ್ನ ಎಡಗೈ ಓದಿಕೊಳ್ಳುತ್ತಿದ್ದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ನೀಲಿ ಬಾಲ್‌ಪೆನ್ನಿನಲ್ಲಿ ಬರೆದಿತ್ತು. ‘ಜಯದೇವ ನಿನ್ನ ಗಂಡ. ದೊಡ್ಡಾಸ್ಪತ್ರೆ, ಹಾಸಿಗೆ ಹದಿನೇಳು. ಜ್ವರ ಏರಿದೆ. ಕಂಪ್ಯೂಟರ್ ಸರಿಮಾಡಿಸಿಕೊಂಡು ಮೂರು ಗಂಟೆ ಬಸ್ಸಿಗೆ ಹೊರಡಲೇಬೇಕು.’

ರುದ್ರಮುನಿ ಎದ್ದು ಬಂದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. “ಮಂದಾಕಿನಿ, ಏನಂತ ಹೇಳ್ಲಿ. ಮರೆತೇ ಹೋಗಿತ್ತು ನೋಡಿ. ನಮ್ಮೂರ ಕಥೆ ನಿಮಗೆ ಗೊತ್ತಲ್ಲ. ಕೂತ್ಕೊಳ್ಳಿ, ಜುಬೇದಾ, ಕಾಫಿ ತರ್ಸಿ.” ಲೋಹಿತ ಅವಳ ಖುರ್ಚಿಯಿಂದ ಎದ್ದು ನಿಂತ.

“ನನ್ನ ಹೆಸರು ವಾಪಸ್ ಹಾಕ್ಕೊಡಿ ಸಾಕು,” ಅಂದಳು. ಆಮೇಲೆ ಕೈ ಮುಂದೆ ಚಾಚಿ ನಮಗೆ ತೋರಿಸಿದಳು. “ಇದರ ಪ್ರಕಾರ ಮೂರಕ್ಕೆ ಹೋಗ್ಬೇಕಂತೆ.”

ಹೋಗಬೇಕಂತೆ. ಆಕೆಗೂ ಅದು ಬರೀ ಬರಹವಾಗಿತ್ತು. ಒಳಗೆ ಬಂದವಳಿಗೆ ಗಂಡನ ಮುಖವೂ ಇರಲಿಲ್ಲ, ಜ್ವರದ ಭಯವೂ ಇರಲಿಲ್ಲ. ಕಾಫಿ ಕುಡಿದಳು, ಜುಬೇದಾಬಿಯ ಮಗಳ ಮದುವೆಯ ಸುದ್ದಿ ಕೇಳಿ ನಕ್ಕಳು. ಒಳಗಿಟ್ಟಿದ್ದ ಸ್ವೆಟರ್ ತರಿಸಿ ಹಾಕಿಕೊಂಡಳು. ಕೈ ಮೇಲಿನ ಬರಹ ತೋಳಿನೊಳಗೆ ಹೋಯಿತು. ಅಷ್ಟರಲ್ಲಿ ರುದ್ರಮುನಿ ಆ ಅರ್ಧ ಮೆಟ್ಟಿಲಿನ ಪ್ಲಾನ್ ತೆರೆದರು. ಮನೆಯವರು ನಾಲ್ಕಕ್ಕೆ ಬರುತ್ತಾರೆ, ಲೋಹಿತನ ಕೈಯಲ್ಲಿ ಆಗಲಿಲ್ಲ, ನೀವೇ ಹೇಗೂ ಬಂದಿದೀರಿ ಅಂದರು. ಆಕೆ ಕೂತಳು.

ನನ್ನ ಕೆಲಸ ನಾನು ಅಂದುಕೊಂಡಷ್ಟು ಸುಲಭವಿರಲಿಲ್ಲ. ಹೆಸರು ತೆಗೆಯುವಾಗ ಅದರ ಜೊತೆಗಿದ್ದ ದಾರಿ, ಅನುಮತಿ ಎಲ್ಲ ಹೋಗಿತ್ತು, ನಾನು ನಕಲು ಇಟ್ಟುಕೊಂಡಿರಲಿಲ್ಲ. ಅದೇ ಹೆಸರು ಮತ್ತೆ ಹಾಕಿದರೂ ಯಂತ್ರ ಅದನ್ನು ಹೊಸಬರೆಂದೇ ತಿಳಿಯುತ್ತದೆ. ಸಾವಿರದಷ್ಟು ಫೈಲುಗಳು ಆಕೆಗೆ ಬಾಗಿಲು ತೆಗೆಯಲಿಲ್ಲ. ಒಂದೊಂದು ಫೋಲ್ಡರಿಗೂ ಮತ್ತೆ ಹೇಳಿಕೊಡುತ್ತಾ ಹೋದೆ. ಎರಡೂಮುಕ್ಕಾಲಿಗೆ ಅರ್ಧವೂ ಮುಗಿದಿರಲಿಲ್ಲ.

“ಮೇಡಂ, ಮೂರು ಗಂಟೆ ಆಗ್ತಾ ಬಂತು,” ಅಂದೆ.

ಆಕೆ ಗಡಿಯಾರ ನೋಡಿದಳು. ಸ್ವೆಟರಿನ ತೋಳು ಸರಿಸಿ ಕೈ ನೋಡಿದಳು, ನಿಧಾನಕ್ಕೆ ಓದಿದಳು. “ಐದು ನಿಮಿಷ ತಿಪ್ಪೇಶಣ್ಣ. ಈ ತಿರುವೊಂದು ಮುಗಿಸಿಬಿಡ್ತೀನಿ,” ಅಂದಳು.

ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ. ಆಕೆ ಹಾಗೇ ಹೊರಟುಬಿಟ್ಟರೆ ನನ್ನ ಕೆಲಸ ಅರೆಬರೆಯಾಗಿ, ನಾನು ಮಾಡಿದ್ದು ಎಲ್ಲರೆದುರಿಗೆ ಬಯಲಾಗುತ್ತಿತ್ತು. ಮುಗಿಸಿ, ಸರಿಯಾಯಿತು ಎಂದು ಹೇಳುವ ಆಸೆ ನನಗಿತ್ತು. ಮೂರರ ಬಸ್ಸು ಅಂಚೆ ಕಚೇರಿಯ ಮುಂದೆ ಹಾರ್ನ್ ಹೊಡೆದು ಹೋಯಿತು. ಕಿಟಕಿಯಿಂದ ನಾನು ಅದನ್ನು ನೋಡಿದೆ. ಅದೇ ಕೊನೆಯ ಬಸ್ಸು. ನಾಲ್ಕಕ್ಕೆ ಮನೆಯವರು ಬಂದು ಮೆಟ್ಟಿಲು ಮೆಚ್ಚಿಕೊಂಡರು. ಐದಕ್ಕೆ ನನ್ನದೂ ಮುಗಿಯಿತು. ಆಕೆ ತನ್ನ ಬೀಗ ಹಾಕಿದ್ದ ಮನೆಗೆ ಹೋಗಿ ಮಲಗಿ, ಬೆಳಿಗ್ಗೆ ಏಳರ ಬಸ್ಸಿಗೆ ಹೋದಳು. ಬಸ್ಸು ಸೇತುವೆ ದಾಟಿದ ಮೇಲೆ ನನಗೆ ಮತ್ತೆ ಹಗುರ.

ಆ ತಿಂಗಳ ಕೊನೆಗೆ ಸಾಮಾನಿಗೆಂದು ನಾನು ಹೊರಟೆ. ಸೇತುವೆಯ ಆ ತುದಿಗೆ ಬಸ್ಸು ಬಂದ ಕೂಡಲೇ ಎಲ್ಲ ನೆನಪಾಯಿತು. ಅಂಗಡಿಗೆ ಹೋಗದೆ ನೇರ ದೊಡ್ಡಾಸ್ಪತ್ರೆಗೆ ಹೋದೆ. ಹದಿನೇಳನೇ ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು. ಆಸ್ಪತ್ರೆಯ ಗೇಟಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಮಂದಾಕಿನಿ ಯಾರದೋ ರಿಪೋರ್ಟುಗಳ ಪ್ರತಿ ತೆಗೆಯುತ್ತಿದ್ದಳು. ನನ್ನನ್ನು ನೋಡಿ ಯಂತ್ರ ನಿಲ್ಲಿಸಲಿಲ್ಲ.

“ಅವತ್ತು ಸಂಜೆ ಐದೂವರೆಗೆ ಹೋದ್ರು,” ಅಂದಳು. “ಮಧ್ಯಾಹ್ನದಿಂದ ನನ್ನ ಕೇಳ್ತಾನೇ ಇದ್ರಂತೆ. ನರ್ಸು ನನಗೆ ಫೋನ್ ಮಾಡಿದ್ರಂತೆ. ಹೊರಗಿನ ನಂಬರು ಅಂತ ನಾನೇ ತೆಗೀಲಿಲ್ಲ.”

ಹಾಳೆಗಳು ಒಂದೊಂದಾಗಿ ಹೊರಗೆ ಬೀಳುತ್ತಿದ್ದವು.

“ನೀವು ಪುಸ್ತಕದಲ್ಲಿ ಬರ್ಕೊಂಡಿದ್ರಲ್ಲ. ಆ ಪುಟ ಸಿಕ್ಲಿಲ್ವಾ?”

ಸಿಗಲಿಲ್ಲ ಎಂದು ಹೇಳಲು ಬಾಯಿ ತೆರೆದೆ. “ಸಿಕ್ಕಿತ್ತು,” ಅಂದೆ.

“ಓದಿದ್ರಾ?”

“ಓದಿದೆ. ಓದಿಯೇ ತೆಗೆದೆ.”

ಆಕೆ ತಲೆಯಾಡಿಸಿದಳು. “ನಾನೂ ಓದಿದೆ, ಕೈ ಮೇಲೆ ಇದ್ದಿದ್ದನ್ನ. ಐದು ನಿಮಿಷ ಅಂದೆ.” ಗಿರಾಕಿ ಬಂದರು, ಹೋದರು. ತಾನಿನ್ನು ಊರೊಳಗೆ ಬರುವುದಿಲ್ಲ ಎಂದಳು. ಒಳಗೆ ಬಂದರೆ ಅವನು ಇದ್ದನೆಂಬುದೇ ಉಳಿಯುವುದಿಲ್ಲ, ಇಲ್ಲಿದ್ದರೆ ಅವನನ್ನು ಬಲ್ಲವಳು ಒಬ್ಬಳಾದರೂ ಇರುತ್ತಾಳೆ ಎಂದಳು. ಹೊರಡುವಾಗ ಮನೆಯ ಬೀಗದ ಕೈ ಕೊಟ್ಟಳು. “ನನ್ನ ಫೋನಿನಲ್ಲಿ ಇರೋದೆಲ್ಲ ಹಾಸಿಗೆ ಮೇಲೆ ಮಲಗಿರೋ ಫೋಟೋನೇ. ಪಡಸಾಲೆ ಗೋಡೆ ಮೇಲೆ ನಮ್ಮಿಬ್ಬರದು ಒಂದಿದೆ, ನಿಂತಿರೋದು. ಅದೊಂದು ತಂದ್ಕೊಡಿ.”

ಅವಳೆದುರಿಗೇ ಚೀಟಿ ಬರೆದು, ಬೀಗದ ಕೈಗೆ ಕಟ್ಟಿ, ಜೇಬಿಗೆ ಹಾಕಿಕೊಂಡೆ.

ಊರಿಗೆ ಬಂದ ಮಾರನೇ ದಿನ ಜೇಬಿನಲ್ಲಿ ಅದು ಸಿಕ್ಕಿತು. ‘ಗಾಣಿಗರ ಬೀದಿ, ಹಸಿರು ಬಾಗಿಲು, ಗೋಡೆಯ ಫೋಟೋ, ಮಂದಾಕಿನಿಗೆ ಕೊಡಬೇಕು.’ ನನ್ನದೇ ಅಕ್ಷರ. ಸಂಜೆ ಹೋದೆ. ಬೀಗಕ್ಕೆ ಕೈ ಹಾಕುವಷ್ಟರಲ್ಲಿ ಪಕ್ಕದ ಮನೆಯವರು, “ಯಾರದು? ಯಾರ ಮನೆ ಅದು?” ಎಂದು ಕೇಳಿದರು. ಯಾರದೆಂದು ನನಗೂ ಗೊತ್ತಿರಲಿಲ್ಲ. ಮುಜುಗರವಾಗಿ ವಾಪಸ್ ಬಂದೆ. ಅದರ ಮುಂದಿನ ತಿಂಗಳು ಹೊರಗೆ ಬಂದಾಗ ಆಕೆಗೆ ಏನೋ ನೆಪ ಹೇಳಿದೆ. ಒಳಗೆ ಹೋಗಿ ಚೀಟಿಯನ್ನು ಮತ್ತೆ ಓದಿ, ನಾಳೆ ಹೋದರಾಯಿತು ಎಂದು ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟೆ. ಅಂಗಡಿಯಲ್ಲಿ ಕೆಲಸ ಜಾಸ್ತಿಯಿತ್ತು, ಸುಖವಾಗಿಯೂ ಇದ್ದೆ.

ಇವತ್ತು ಮೂರನೇ ಸಲ. ಸೇತುವೆ ದಾಟಿದ ಮೇಲೆ ಫೋಟೋ ತಂದಿದ್ದೇನೆಯೇ ಎಂದು ಚೀಲ ಹುಡುಕಿದೆ. ಕೊಳ್ಳಬೇಕಾದ ಸಾಮಾನಿನ ಪಟ್ಟಿ ಬಿಟ್ಟು ಏನೂ ಇರಲಿಲ್ಲ. ಕೇಬಲ್ಲು, ಎರಡು ರೂಟರು ಕೊಂಡುಕೊಂಡೆ. ನಿಲ್ದಾಣಕ್ಕೆ ಬರುವ ನೇರ ದಾರಿ ಆಸ್ಪತ್ರೆಯ ಗೇಟಿನ ಮುಂದೆಯೇ ಹೋಗುತ್ತದೆ. ನಾನು ಹಿಂದಿನ ತರಕಾರಿ ಮಾರುಕಟ್ಟೆಯೊಳಗಿಂದ ಸುತ್ತಿಕೊಂಡು ಬಂದೆ. ಸೊಪ್ಪಿನವಳ ಮುಂದೆ ಮಂದಾಕಿನಿ ನಿಂತಿದ್ದಳು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಆಕೆ ಮೊದಲು ನನ್ನ ಮುಖ ನೋಡಿದಳು, ಆಮೇಲೆ ಎರಡೂ ಕೈ ನೋಡಿದಳು. ಬಗ್ಗಿ ಮೆಂತ್ಯದ ಕಟ್ಟೊಂದನ್ನು ಎತ್ತಿ, ಬೇರಿನ ಮಣ್ಣು ಕೊಡವಿದಳು.

“ಬಸ್ಸಿಗೆ ಹೊತ್ತಾಯ್ತು,” ಅಂದೆ.

“ಹೋಗ್ಬನ್ನಿ,” ಅಂದಳು.